ದಾಸವಾಳದ ಬಣ್ಣ, ಮಲ್ಲಿಗೆಯ ಘಮ: ಮನೆಯಲ್ಲೇ ಮೂಸಂಬಿ ಪಾನಕ ಮಾಡುವ ಬಗೆ

ಹಣ್ಣು, ಸೊಪ್ಪು, ಹೂವು ಮೂರನ್ನೂ ಒಂದೇ ಪಾತ್ರೆಗೆ ಹಾಕಿ ಒಲೆಯ ಮೇಲಿಟ್ಟರೆ ಸಿಗುವುದು ಕಷಾಯವೇ ಹೊರತು ಪಾನಕವಲ್ಲ. ಇದನ್ನು ನಾನು ಕಲಿತದ್ದು ಒಂದು ರಾಮನವಮಿಯ ದಿನ, ಅದೂ ಮೈಸೂರಿನ ನಮ್ಮ ಮನೆಯ ತುಂಬ ನೆಂಟರಿದ್ದಾಗ. ಹನ್ನೆರಡು ದಾಸವಾಳ, ಒಂದು ಹಿಡಿ ಪುದೀನ, ನಾಲ್ಕು ಮೂಸಂಬಿಯ ತೊಳೆಗಳನ್ನು ಒಟ್ಟಿಗೆ ಕಾಲು ಗಂಟೆ ಕುದಿಸಿ ಸೋಸಿದಾಗ ಬಂದದ್ದು ಕೆಸರಿನ ಬಣ್ಣದ, ಲೋಟದಿಂದ ಲೋಟಕ್ಕೆ ಸುರಿದರೆ ನೂಲಿನಂತೆ ಎಳೆಯುವ ಕಹಿ ನೀರು. ಮದ್ದೂರಿನಿಂದ ಬಂದಿದ್ದ ಸೋದರತ್ತೆ ಲೋಟವನ್ನು ಮೂಗಿನ ಹತ್ತಿರಕ್ಕೆ ತಂದು, "ಏನವ್ವ ಇದು, ತಲೆಗೆ ಉಜ್ಕಳದಾ, ಕುಡಿಯದಾ?" ಎಂದು ಕೇಳಿದರು. ದಾಸವಾಳದ ಸೊಪ್ಪನ್ನು ಕಿವುಚಿ, ಅದರ ಲೋಳೆಯನ್ನು ತಲೆಗೆ ಹಚ್ಚಿ ಮಿಂದು ಬೆಳೆದವರಿಗೆ ಅದರ ಗುರುತು ತಪ್ಪುವುದಿಲ್ಲ.

ಆ ದಿನ ಕೆಟ್ಟದ್ದು ಪದಾರ್ಥವಲ್ಲ, ವಿಧಾನ. ಮಲ್ಲಿಗೆಗೆ ಬಿಸಿಯೇ ಆಗದು. ಅದಕ್ಕೆ ಬೇಕಾದದ್ದು ತಣ್ಣೀರು ಮತ್ತು ಇಡೀ ರಾತ್ರಿ. ದಾಸವಾಳಕ್ಕೆ ಬಿಸಿ ಬೇಕು, ಆದರೆ ಕುದಿ ಬೇಡ, ಐದು ನಿಮಿಷಕ್ಕಿಂತ ಹೆಚ್ಚು ಹೊತ್ತೂ ಬೇಡ. ಪುದೀನಕ್ಕೆ ಆರುತ್ತಿರುವ ಸಕ್ಕರೆ ನೀರಿನ ಹದವಾದ ಬಿಸಿ ಸಾಕು. ಮೂಸಂಬಿಗೆ ಕೈಯಲ್ಲಿ ಹಿಂಡುವಷ್ಟು ತಾಳ್ಮೆ ಮತ್ತು ಹಿಂಡಿದ ಕೂಡಲೇ ಬಳಸುವಷ್ಟು ಅವಸರ ಎರಡೂ ಬೇಕು. ಇವನ್ನು ಬೇರೆ ಬೇರೆಯಾಗಿ ಸಿದ್ಧಪಡಿಸಿ ಕೊನೆಯಲ್ಲಿ ಬೆರೆಸುವುದೇ ಈ ಪಾನಕದ ಗುಟ್ಟು. ಹಿಂದಿನ ಸಂಜೆ ಹತ್ತು ನಿಮಿಷ, ಮರುದಿನ ಮುಕ್ಕಾಲು ಗಂಟೆ ಕೈಕೆಲಸ ಇದಕ್ಕೆ ಸಾಕಾಗುತ್ತದೆ.

ಹೂವು ಎಲ್ಲಿಂದ ತರಬೇಕು

ಮೈಸೂರಿನವರಿಗೆ ಹೂವಿನ ಬರವಿಲ್ಲ. ಚಿಕ್ಕ ಗಡಿಯಾರದ ಎದುರಿನ ದೇವರಾಜ ಮಾರುಕಟ್ಟೆಗೆ ಬೆಳಗಿನ ಹೊತ್ತು ಹೋದರೆ ಮಲ್ಲಿಗೆ, ಕನಕಾಂಬರ, ಸೇವಂತಿಗೆ, ಗುಲಾಬಿಗಳ ರಾಶಿಯ ನಡುವೆ ನಡೆಯುವುದೇ ಕಷ್ಟ. ಆದರೂ ಪಾನಕಕ್ಕೆ ಆ ಹೂವು ಬೇಡ ಎಂದು ಖಂಡಿತವಾಗಿ ಹೇಳುತ್ತೇನೆ. ಮಾರುಕಟ್ಟೆಯ ಹೂವನ್ನು ಬೆಳೆಯುವುದು ಮುಡಿಯುವುದಕ್ಕೆ ಮತ್ತು ಪೂಜೆಗೆ, ತಿನ್ನುವುದಕ್ಕಲ್ಲ. ಮೊಗ್ಗು ಕೊರೆಯುವ ಹುಳುವಿಗೆ ಹೊಡೆದ ಔಷಧಿ, ಬಾಡದಿರಲೆಂದು ದಿನವಿಡೀ ಚಿಮುಕಿಸಿದ ನೀರು, ನೆಲದ ಮೇಲಿನ ಗೋಣಿತಾಟು, ಇವೆಲ್ಲದರ ಶೇಷ ಅದರಲ್ಲಿರುತ್ತದೆ. ಮುಡಿಯುವ ಹೂವಿಗೆ ಅದರಿಂದ ದೊಡ್ಡ ತೊಂದರೆಯಿಲ್ಲದಿರಬಹುದು, ಆದರೆ ರಾತ್ರಿಯಿಡೀ ನೆನೆದು ನೀರಿಗಿಳಿಯುವ ಹೂವಿನ ಮಾತು ಬೇರೆ.

ಆದ್ದರಿಂದ ಹೂವು ಮನೆಯ ಅಂಗಳದ್ದೇ ಆಗಿರಬೇಕು, ಇಲ್ಲವೇ ಔಷಧಿ ಹೊಡೆಯುವುದಿಲ್ಲವೆಂದು ನಿಮಗೆ ಖಚಿತವಾಗಿ ಗೊತ್ತಿರುವ ನೆರೆಮನೆಯದ್ದಾಗಿರಬೇಕು. ದಾಸವಾಳದ ಗಿಡವನ್ನು ಕಾಂಪೌಂಡಿನ ಪಕ್ಕ ಕಡ್ಡಿ ನೆಟ್ಟರೂ ಸಾಕು, ಬದುಕಿಕೊಳ್ಳುತ್ತದೆ. ಮಲ್ಲಿಗೆ ದೊಡ್ಡ ಕುಂಡದಲ್ಲಿ, ತಾರಸಿಯ ಬಿಸಿಲಿನಲ್ಲಿ ಚೆನ್ನಾಗಿಯೇ ಬರುತ್ತದೆ. ಭೌಗೋಳಿಕ ಸೂಚಿಯ ಮಾನ್ಯತೆ ಪಡೆದಿರುವ ಮೈಸೂರು ಮಲ್ಲಿಗೆಯೇ ಸಿಕ್ಕರೆ ಅದಕ್ಕಿಂತ ಭಾಗ್ಯವಿಲ್ಲ. ಇಲ್ಲದಿದ್ದರೆ ಮನೆಗಳಲ್ಲಿ ಸಾಮಾನ್ಯವಾಗಿ ಇರುವ ಗುಂಡುಮಲ್ಲಿಗೆಯೂ ಆಗುತ್ತದೆ.

ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಿಬಿಡುತ್ತೇನೆ. ಬಿಳಿಯಾಗಿ, ಘಮಘಮಿಸುವ ಹೂವೆಲ್ಲ ಮಲ್ಲಿಗೆಯಲ್ಲ. ಪೂಜೆಗೆ ಕೀಳುವ ನಂದಿಬಟ್ಟಲು ನೋಡಲು ನಿರುಪದ್ರವಿಯಂತೆ ಕಂಡರೂ ಅದರ ತೊಟ್ಟು ಮುರಿದರೆ ಹಾಲು ಒಸರುತ್ತದೆ. ಅಂಥ ಹಾಲು ಬರುವ ಹೂವನ್ನು ಬಾಯಿಗೆ ಸೋಕಿಸಬಾರದು. ಕಣಗಲೆಯಂತೂ ಎಲೆಯಿಂದ ಹೂವಿನವರೆಗೆ ವಿಷ. ಉಮ್ಮತ್ತಿ, ಎಕ್ಕಗಳ ಮಾತು ಹೇಳಬೇಕಾಗಿಯೇ ಇಲ್ಲ. ಗಿಡದ ಗುರುತು ನೂರಕ್ಕೆ ನೂರು ಖಚಿತವಿಲ್ಲದಿದ್ದರೆ ಮಲ್ಲಿಗೆಯನ್ನು ಬಿಟ್ಟೇ ಈ ಪಾನಕ ಮಾಡಬಹುದು, ಘಮ ಸ್ವಲ್ಪ ಕಡಿಮೆಯಾಗುತ್ತದೆ ಅಷ್ಟೇ.

ಏನೇನು ಬೇಕು

ಆರು ದೊಡ್ಡ ಲೋಟಕ್ಕೆ, ಅಂದರೆ ಸುಮಾರು 1,200 ಮಿಲಿ ಲೀಟರ್ ಪಾನಕಕ್ಕೆ ನಾನು ಇಟ್ಟುಕೊಳ್ಳುವ ಅಳತೆ ಹೀಗಿದೆ. ಐದು ಎಸಳಿನ ಕೆಂಪು ದಾಸವಾಳ 10ರಿಂದ 12, ಬಿರಿಯುವ ಹಂತದ ಮಲ್ಲಿಗೆ ಮೊಗ್ಗು 25ರಿಂದ 30, ದೊಡ್ಡ ಮೂಸಂಬಿ 5, ರಸಭರಿತ ನಿಂಬೆಹಣ್ಣು 2, ಪುದೀನದ ಎಲೆ 20ರಿಂದ 25, ಸಕ್ಕರೆ 100 ಗ್ರಾಂ, ಕಾಮಕಸ್ತೂರಿ ಬೀಜ ಎರಡು ಟೀ ಚಮಚ, ಉಪ್ಪು ಒಂದು ಚಿಟಿಕೆ. ಕಾಮಕಸ್ತೂರಿ ಬೀಜವನ್ನು ಗ್ರಂಧಿಗೆ ಅಂಗಡಿಯಲ್ಲಿ ಕೇಳಿದರೆ ಕೊಡುತ್ತಾರೆ. ಸೂಪರ್ ಮಾರ್ಕೆಟ್ಟಿನಲ್ಲಿ ಅದನ್ನೇ ಸಬ್ಜಾ ಎಂದು ಡಬ್ಬಿಯಲ್ಲಿಟ್ಟು ಹೆಚ್ಚು ಬೆಲೆಗೆ ಮಾರುತ್ತಾರೆ.

ಸಕ್ಕರೆಯ ಬದಲು ಬೆಲ್ಲ ಏಕಿಲ್ಲ ಎಂದು ಮಂಡ್ಯದ ಕಡೆಯವರು ಕೇಳದೆ ಇರುವುದಿಲ್ಲ. ಆಲೆಮನೆಯ ಊರಿನವರ ಮುಂದೆ ಬೆಲ್ಲವನ್ನು ನಿರಾಕರಿಸುವುದು ಸುಲಭದ ಮಾತಲ್ಲ. ಆದರೆ ಒಳ್ಳೆಯ ಬೆಲ್ಲಕ್ಕೆ ತನ್ನದೇ ಕಂದು ಬಣ್ಣವಿದೆ, ತನ್ನದೇ ಗಾಢವಾದ ವಾಸನೆಯಿದೆ. ಅದು ದಾಸವಾಳದ ಕೆಂಪನ್ನು ಮಸುಕುಗೊಳಿಸುತ್ತದೆ, ಮಲ್ಲಿಗೆಯ ಘಮವನ್ನು ಪೂರ್ತಿ ನುಂಗಿಹಾಕುತ್ತದೆ. ಬಣ್ಣ ತಿಳಿಯಾಗಿರಲೆಂದು ಹೊಳೆಯುವ ಹಳದಿ ಬೆಲ್ಲವನ್ನು ಹುಡುಕಿಕೊಂಡು ಹೋಗುವುದೂ ಸರಿಯಲ್ಲ, ಅಷ್ಟು ತಿಳಿ ಬಣ್ಣ ಬಹಳ ಸಲ ಹೈಡ್ರೋಸ್ ಎಂಬ ರಾಸಾಯನಿಕದ ಕೊಡುಗೆಯಾಗಿರುತ್ತದೆ. ಬೆಲ್ಲಕ್ಕೆ ಒಪ್ಪುವುದು ಮೆಣಸು, ಏಲಕ್ಕಿ, ಶುಂಠಿ ಹಾಕಿದ ರಾಮನವಮಿಯ ಪಾನಕ. ಮಂಡ್ಯದ ಮಾನ ಉಳಿಸಲೇಬೇಕೆಂದರೆ ಸಕ್ಕರೆಯೂ ಆ ನೆಲದ್ದೇ ಎಂದು ನೆನಪಿಸಬಹುದು. 1933ರಲ್ಲಿ ಸ್ಥಾಪನೆಯಾದ ಮೈಶುಗರ್ ಕಾರ್ಖಾನೆಯಿಂದಲೇ ಮಂಡ್ಯ ಸಕ್ಕರೆಯ ನಾಡೆಂದು ಹೆಸರಾಯಿತು. ನಮ್ಮ ಸೋದರತ್ತೆ ಈ ವಾದವನ್ನು ಇನ್ನೂ ಒಪ್ಪಿಲ್ಲ.

ಪಾತ್ರೆಯ ವಿಷಯದಲ್ಲಿ ಒಂದು ಮಾತು. ಸ್ಟೀಲ್, ಗಾಜು, ಪಿಂಗಾಣಿ ಇವಿಷ್ಟೇ ಸಾಕು. ನಿಂಬೆಹುಳಿ ಸೇರುವ ಪಾನೀಯವನ್ನು ಕಲಾಯಿ ಇಲ್ಲದ ಹಿತ್ತಾಳೆ, ತಾಮ್ರದ ಪಾತ್ರೆಯಲ್ಲಿ ಇಡಬಾರದು. ಅಲ್ಯೂಮಿನಿಯಂ ಮತ್ತು ಕಬ್ಬಿಣದ ಪಾತ್ರೆಗಳು ದಾಸವಾಳದ ಬಣ್ಣವನ್ನೂ ಕೆಡಿಸುತ್ತವೆ. ಮಲ್ಲಿಗೆ ನೀರಿಗೆ ಮಾತ್ರ ಒಂದು ಪುಟ್ಟ ಮಣ್ಣಿನ ಮಡಕೆ ಇದ್ದರೆ ಚೆಂದ.

ಹಿಂದಿನ ಸಂಜೆ: ಮಲ್ಲಿಗೆ ನೀರು

ಮಲ್ಲಿಗೆ ಬಿರಿಯುವುದು ಸಂಜೆಯ ಹೊತ್ತು, ಘಮ ಏರುವುದು ರಾತ್ರಿ. ಗಿಡದಿಂದ ಕಿತ್ತ ಮೇಲೂ ಮೊಗ್ಗು ಈ ಲೆಕ್ಕವನ್ನು ತಪ್ಪಿಸುವುದಿಲ್ಲ. ಮುಡಿದ ದಂಡೆ ರಾತ್ರಿ ಎಂಟರ ಹೊತ್ತಿಗೆ ಇಡೀ ಕೋಣೆಯನ್ನು ತುಂಬುವುದು ಇದೇ ಕಾರಣಕ್ಕೆ. ನಾವು ಮಾಡಬೇಕಾದದ್ದು ಇಷ್ಟೇ: ಬಿರಿಯುವ ಆ ಗಳಿಗೆಯಲ್ಲಿ ಹೂವು ಗಾಳಿಗೆ ಬಿಡುವ ಘಮವನ್ನು ನೀರಿಗೆ ಬಿಡುವಂತೆ ಅದನ್ನು ನೀರಿನ ಮೇಲೆ ಕೂರಿಸುವುದು.

ಮಧ್ಯಾಹ್ನವೇ 400 ಮಿಲಿ ಲೀಟರ್ ನೀರನ್ನು ಚೆನ್ನಾಗಿ ಕುದಿಸಿ ಪೂರ್ತಿ ಆರಲು ಬಿಡಿ. ರಾತ್ರಿಯಿಡೀ ಹೊರಗಿಡುವ ನೀರಾದ್ದರಿಂದ ಕುದಿಸುವ ಹಂತವನ್ನು ಬಿಡುವಂತಿಲ್ಲ. ಸಂಜೆ ಐದೂವರೆ, ಆರರ ಹೊತ್ತಿಗೆ ಬೆಳ್ಳಗೆ ಉಬ್ಬಿ ನಾಳೆಯವರೆಗೆ ತಡೆಯದೆಂಬಂತಿರುವ ಮೊಗ್ಗುಗಳನ್ನು ಆರಿಸಿ ಕೀಳಿ. ಇನ್ನೂ ಹಸಿರು ಛಾಯೆಯಿರುವ ಎಳೆಯ ಮೊಗ್ಗು ಬಿರಿಯದೆ ಹಾಗೆಯೇ ಕಂದುತ್ತದೆ. ಬುಡದ ಹಸಿರು ತೊಟ್ಟನ್ನು ಚಿವುಟಿ ತೆಗೆಯಿರಿ, ಅದು ನೀರಿಗೆ ಹಸಿ ಸೊಪ್ಪಿನ ವಾಸನೆ ಕೊಡುತ್ತದೆ. ತಣ್ಣೀರಿನಲ್ಲಿ ಒಮ್ಮೆ ಮೆಲ್ಲಗೆ ಜಾಲಿಸಿ ಬಟ್ಟೆಯ ಮೇಲೆ ಹರಡಿ ನೀರಾರಿಸಿ.

ಈಗ ಅಗಲ ಬಾಯಿಯ ಪಾತ್ರೆ ಅಥವಾ ಮಡಕೆಯಲ್ಲಿ ಆರಿದ ನೀರನ್ನು ಹಾಕಿ, ಮೊಗ್ಗುಗಳನ್ನು ಒಂದೊಂದಾಗಿ ನೀರಿನ ಮೇಲೆ ತೇಲಿಬಿಡಿ. ಕೈಯಿಂದ ಒತ್ತಿ ಮುಳುಗಿಸಬಾರದು. ಮುಳುಗಿದ ಹೂವು ಬಿರಿಯುವುದಿಲ್ಲ, ಕೊಳೆಯಲು ಶುರುವಿಡುತ್ತದೆ. ಮೇಲೆ ತಟ್ಟೆ ಮುಚ್ಚಿ ಅಡುಗೆಮನೆಯ ತಂಪಾದ ಮೂಲೆಯಲ್ಲಿಡಿ. ಫ್ರಿಜ್ಜಿನಲ್ಲಿ ಇಟ್ಟರೆ ಚಳಿಗೆ ಮೊಗ್ಗು ಅರಳುವುದಿಲ್ಲ, ಜೊತೆಗೆ ಫ್ರಿಜ್ಜಿನಲ್ಲಿರುವ ಹುಳಿಯ ವಾಸನೆಯೂ ಸೇರುತ್ತದೆ. ರಾತ್ರಿ ಮಲಗುವ ಮುಂಚೆ ಒಮ್ಮೆ ತಟ್ಟೆ ಸರಿಸಿ ನೋಡಿ. ಸಂಜೆ ಮುತ್ತಿನಂತೆ ಗುಂಡಗಿದ್ದ ಮೊಗ್ಗುಗಳು ಅರಳಿ, ಎಸಳಿನ ಅಂಚುಗಳು ಒಂದಕ್ಕೊಂದು ತಾಗಿ, ನೀರು ಕಾಣದಂತೆ ಬೆಳ್ಳನೆಯ ಹೊದಿಕೆಯಾಗಿರುತ್ತವೆ. ತಟ್ಟೆಯ ಒಳಮೈಯಲ್ಲಿ ನಿಂತ ಹನಿಗಳಿಗೂ ಘಮವಿರುತ್ತದೆ, ಅವನ್ನು ಪಾತ್ರೆಗೇ ಕೊಡವಿ ಮುಚ್ಚಿಬಿಡಿ.

ಬೆಳಿಗ್ಗೆ ಎದ್ದ ಕೂಡಲೇ ಹೂವನ್ನು ತೆಗೆಯುವುದು ಬಹಳ ಮುಖ್ಯ. ಅದಕ್ಕಿಂತ ಹೆಚ್ಚು ಹೊತ್ತು ಬಿಟ್ಟರೆ ಎಸಳಿನ ಅಂಚು ಕಂದಿ ನೀರಿಗೆ ಬಾಡಿದ ಹೂವಿನ ಮಂಕು ವಾಸನೆ ಹತ್ತುತ್ತದೆ, ಆಮೇಲೆ ಏನು ಮಾಡಿದರೂ ಹೋಗುವುದಿಲ್ಲ. ಹೂವನ್ನು ಹಿಂಡದೆ ಜರಡಿಯಲ್ಲಿ ಎತ್ತಿ, ನೀರನ್ನು ತೆಳುವಾದ ಮಲ್ ಬಟ್ಟೆಯಲ್ಲಿ ಸೋಸಿ ಮುಚ್ಚಿಡಿ. ಇದನ್ನು ಅದೇ ದಿನ ಬಳಸಬೇಕು.

ದಾಸವಾಳ: ನೇರಳೆಯಿಂದ ಕೆಂಪಿಗೆ

ದಾಸವಾಳ ಒಂದು ದಿನದ ಹೂವು. ಬೆಳಿಗ್ಗೆ ಅರಳಿ ಸಂಜೆಗೆ ಮುದುಡುವ ಅದನ್ನು ಬೆಳಗಿನ ಎಂಟು ಒಂಬತ್ತರ ಒಳಗೆ ಕಿತ್ತರೆ ಬಣ್ಣ ಚೆನ್ನಾಗಿ ಬಿಡುತ್ತದೆ. ಐದೆಸಳಿನ ಅಚ್ಚಗೆಂಪು ಜಾತಿಯೇ ಇದಕ್ಕೆ ಸರಿ. ಮುದ್ದೆ ದಾಸವಾಳವೂ ಆಗುತ್ತದೆ, ಆದರೆ ಅದರ ಮಡಿಕೆಗಳೊಳಗೆ ಇರುವೆ ಸಿಕ್ಕಿಕೊಂಡಿರುವುದು ಹೆಚ್ಚು. ಹಳದಿ, ಬಿಳಿ ಹೂವುಗಳಿಂದ ಕೆಂಪು ಬರುವುದಿಲ್ಲ.

ಹೂವನ್ನು ಐದು ನಿಮಿಷ ಉಪ್ಪು ನೀರಿನಲ್ಲಿ ಮುಳುಗಿಸಿಟ್ಟರೆ ಇರುವೆ, ಹೇನುಗಳು ಮೇಲೆ ಬರುತ್ತವೆ. ಒಳ್ಳೆಯ ನೀರಿನಲ್ಲಿ ಎರಡು ಸಲ ತೊಳೆಯಿರಿ. ಅನಂತರ ಬುಡದ ಹಸಿರು ತೊಟ್ಟನ್ನು ಕಿತ್ತು, ನಡುವಿನ ಉದ್ದನೆಯ ಕೇಸರದ ಕಡ್ಡಿಯನ್ನು ಪರಾಗದ ಸಮೇತ ಎಳೆದು ಹಾಕಿ, ಎಸಳುಗಳನ್ನು ಮಾತ್ರ ಬಿಡಿಸಿಕೊಳ್ಳಿ. ಲೋಳೆ ಎಲ್ಲಕ್ಕಿಂತ ಹೆಚ್ಚಾಗಿರುವುದು ಎಲೆ ಮತ್ತು ತೊಟ್ಟಿನ ಭಾಗದಲ್ಲಿ. ಎಸಳಿನಲ್ಲೂ ಸ್ವಲ್ಪ ಇದೆ, ಆದರೆ ಕುದಿಸದೆ, ಕಿವುಚದೆ ಇದ್ದರೆ ಅದು ಬಹುಪಾಲು ಎಸಳಿನಲ್ಲೇ ಉಳಿಯುತ್ತದೆ. ನನ್ನ ರಾಮನವಮಿಯ ಪಾನಕ ನೂಲು ಬಿಟ್ಟದ್ದಕ್ಕೆ ತೊಟ್ಟು ತೆಗೆಯದೆ ಕುದಿಸಿದ್ದೇ ಕಾರಣ.

300 ಮಿಲಿ ಲೀಟರ್ ನೀರನ್ನು ಕುದಿಸಿ, ಒಲೆಯಿಂದ ಇಳಿಸಿ ಎರಡು ಮೂರು ನಿಮಿಷ ಬಿಡಿ. ಎಸಳುಗಳನ್ನು ಗಾಜಿನ ಬಟ್ಟಲಿಗೆ ಹಾಕಿ ಅದರ ಮೇಲೆ ಈ ನೀರನ್ನು ಸುರಿದು ಮುಚ್ಚಿ. ಒಂದು ನಿಮಿಷದಲ್ಲೇ ಎಸಳಿನ ತುದಿಗಳಿಂದ ಬಣ್ಣ ಹೊಗೆಯಂತೆ ಇಳಿಯತೊಡಗುತ್ತದೆ, ಐದು ನಿಮಿಷಕ್ಕೆ ಎಸಳು ಪೇಲವವಾಗಿ, ನೀರು ಮೋಡ ಕವಿದ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಕೆಂಪು ಹೂವಿನಿಂದ ನೇರಳೆ ನೀರು ಬಂತೆಂದು ಗಾಬರಿಯಾಗಬೇಕಿಲ್ಲ. ಐದು ನಿಮಿಷಕ್ಕೆ ಸರಿಯಾಗಿ ಸೋಸಿ, ಎಸಳನ್ನು ಹಿಂಡದೆ ತೆಗೆದುಹಾಕಿ, ನೀರನ್ನು ಪೂರ್ತಿ ಆರಲು ಬಿಡಿ.

ಆರಿದ ಮೇಲೆ ಎರಡು ನಿಂಬೆಹಣ್ಣಿನ ರಸವನ್ನು, ಬೀಜ ಸೋಸಿ, ಸುಮಾರು 45 ಮಿಲಿ ಲೀಟರಿನಷ್ಟು ಇದಕ್ಕೆ ಹಿಂಡಬೇಕು. ಮೊದಲ ಹನಿ ಬಿದ್ದಲ್ಲೇ ಕೆಂಪು ಚುಕ್ಕೆಯೊಂದು ಅರಳುತ್ತದೆ. ಚಮಚ ಒಂದು ಸುತ್ತು ತಿರುಗಿಸುವಷ್ಟರಲ್ಲಿ ಬಟ್ಟಲಿನ ನೇರಳೆಯೆಲ್ಲ ಮಾಯವಾಗಿ ಅಚ್ಚ ಕುಂಕುಮದ ನೀರಾಗುತ್ತದೆ. ಎಷ್ಟು ಸಲ ಮಾಡಿದರೂ ಈ ಗಳಿಗೆಯಲ್ಲಿ ನಾನು ಬಟ್ಟಲಿನಿಂದ ಕಣ್ಣು ತೆಗೆದಿಲ್ಲ. ಇದಕ್ಕೆ ಕಾರಣ ಆಂಥೋಸಯನಿನ್ ಎಂಬ ವರ್ಣದ್ರವ್ಯ. ನೇರಳೆಹಣ್ಣು, ಕಪ್ಪು ದ್ರಾಕ್ಷಿಗಳಲ್ಲೂ ಇರುವ ಇದು ಹುಳಿಯಲ್ಲಿ ಕೆಂಪಾಗಿಯೂ, ಹುಳಿ ಇಲ್ಲದಲ್ಲಿ ನೇರಳೆಯಾಗಿಯೂ, ಕ್ಷಾರದಲ್ಲಿ ನೀಲಿ ಹಸಿರಾಗಿಯೂ ಕಾಣುತ್ತದೆ. ಮಕ್ಕಳಿರುವ ಮನೆಯಲ್ಲಿ ಎರಡು ಚಮಚ ನೇರಳೆ ನೀರನ್ನು ಬೇರೆ ತೆಗೆದಿಟ್ಟು, ಅದಕ್ಕೆ ಚಿಟಿಕೆ ಅಡುಗೆ ಸೋಡ ಹಾಕಿ ತೋರಿಸಿ; ಅದನ್ನು ಕುಡಿಯದಂತೆ ನೋಡಿಕೊಂಡರಾಯಿತು.

ಇದೇ ಕಾರಣಕ್ಕೆ ನೀರಿನ ಗುಣವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ನಲ್ಲಿಯಲ್ಲಿ ಹೊಳೆಯ ನೀರು ಬರುವ ಬಡಾವಣೆಗಳಲ್ಲಿ ತೊಂದರೆಯಿಲ್ಲ. ಪಾತ್ರೆಯ ತಳದಲ್ಲಿ ಬಿಳಿ ಕರೆ ಕಟ್ಟುವಂಥ ಗಡಸು ಬೋರ್‌ವೆಲ್ ನೀರಾದರೆ ದಾಸವಾಳ ಬೂದಿ ನೀಲಿಯಾಗಿ ಕಾಣುತ್ತದೆ, ಅದನ್ನು ಕೆಂಪಿಗೆ ತರಲು ಹೆಚ್ಚು ನಿಂಬೆ ಹಿಡಿಯುತ್ತದೆ, ಪಾನಕ ಹುಳಿಯಾಗಿಬಿಡುತ್ತದೆ. ಅಂಥ ಕಡೆ ಫಿಲ್ಟರ್ ನೀರನ್ನೇ ಬಳಸಿ.

ಅಂಗಡಿಗಳಲ್ಲಿ ದಾಸವಾಳದ ಟೀ ಎಂದು ಸಿಗುವ ಒಣ ಪದಾರ್ಥ ಬಹುಮಟ್ಟಿಗೆ ನಮ್ಮ ಅಂಗಳದ ದಾಸವಾಳವಲ್ಲ. ಅದು ಪುಂಡಿ ಗಿಡದ ಜಾತಿಯದು, ಅಲ್ಲಿ ಬಳಸುವುದು ಎಸಳನ್ನಲ್ಲ, ಹೂವು ಉದುರಿದ ಮೇಲೆ ಉಳಿದು ದಪ್ಪಗಾಗುವ ಕೆಂಪು ಪುಷ್ಪಪಾತ್ರೆಯನ್ನು. ಅದಕ್ಕೆ ಸ್ವಂತ ಹುಳಿಯಿರುವುದರಿಂದ ನೀರು ಮೊದಲಿಗೇ ಕೆಂಪಾಗಿರುತ್ತದೆ. ಅದನ್ನೇ ಬಳಸುವುದಾದರೆ ನಿಂಬೆಯನ್ನು ಅರ್ಧಕ್ಕಿಳಿಸಿ ರುಚಿ ನೋಡಿಕೊಳ್ಳಿ.

ಪುದೀನದ ಪಾಕ

100 ಗ್ರಾಂ ಸಕ್ಕರೆಗೆ 100 ಮಿಲಿ ಲೀಟರ್ ನೀರು ಹಾಕಿ ಸಕ್ಕರೆ ಕರಗುವವರೆಗೆ ಕಾಯಿಸಿ, ಒಂದು ಕುದಿ ಬಂದ ಕೂಡಲೇ ಇಳಿಸಿ. ಎಳೆ ಪಾಕದ ಗೊಡವೆ ಬೇಡ. ಬೆರಳು ಅದ್ದಿ ಎರಡೆಣಿಸುವಷ್ಟು ಹೊತ್ತು ತಡೆಯಬಹುದೆನ್ನುವಷ್ಟು ಆರಿದ ಮೇಲೆ, ಪುದೀನದ ಎಲೆಗಳನ್ನು ಅಂಗೈಯಲ್ಲಿಟ್ಟು ಇನ್ನೊಂದು ಕೈಯಿಂದ ಎರಡು ಸಲ ತಟ್ಟಿ ಪಾಕಕ್ಕೆ ಹಾಕಿ, ಇಪ್ಪತ್ತು ನಿಮಿಷ ಮುಚ್ಚಿಟ್ಟು ಸೋಸಿ. ಎಲೆಯ ಮೇಲ್ಮೈಯಲ್ಲಿರುವ ಸಣ್ಣ ಎಣ್ಣೆಯ ಗ್ರಂಥಿಗಳು ಒಡೆಯಲು ಆ ತಟ್ಟು ಸಾಕು. ಪುದೀನವನ್ನು ಮಿಕ್ಸಿಗೆ ಹಾಕಿ ರುಬ್ಬುವವರಿದ್ದಾರೆ. ರುಬ್ಬಿದರೆ ಒಗರು ಇಳಿಯುತ್ತದೆ, ಎಲೆಯ ಹಸಿರೂ ಇಳಿಯುತ್ತದೆ, ಕೆಂಪಿಗೆ ಹಸಿರು ಬೆರೆತರೆ ಕಂದು ಬಣ್ಣವಾಗುತ್ತದೆಂಬುದು ಹೋಳಿಯಾಡಿದ ಮಕ್ಕಳಿಗೂ ಗೊತ್ತು. ಪುದೀನ ಸಿಗದಿದ್ದರೆ ತುಳಸಿಯ ಹತ್ತು ಎಲೆ ಸಾಕು. ದೊಡ್ಡಪತ್ರೆಯನ್ನು ಮಾತ್ರ ಹಾಕಬೇಡಿ, ಅದು ಮಜ್ಜಿಗೆಗೆ ಚೆಂದ, ಮಲ್ಲಿಗೆಯ ಪಕ್ಕದಲ್ಲಿ ಗದ್ದಲ ಮಾಡುತ್ತದೆ. ಈ ಪಾಕ ಫ್ರಿಜ್ಜಿನಲ್ಲಿ ಒಂದು ವಾರ ಇರುತ್ತದೆ.

ಕಾಮಕಸ್ತೂರಿ ಬೀಜವನ್ನು ಒಂದು ಲೋಟ ನೀರಿನಲ್ಲಿ ಹದಿನೈದು ನಿಮಿಷ ನೆನೆಹಾಕಿ, ನಡುವೆ ಒಮ್ಮೆ ಕಲಕಿದರೆ ಗಂಟು ಕಟ್ಟುವುದಿಲ್ಲ. ಪ್ರತಿ ಬೀಜದ ಸುತ್ತ ಬೂದು ಬಿಳುಪಿನ ಲೋಳೆಯ ಪೊರೆ ಪೂರ್ತಿ ಉಬ್ಬಿರಬೇಕು, ಒಣ ಬೀಜ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.

ಮೂಸಂಬಿ ಏಕೆ ಕಹಿಯಾಗುತ್ತದೆ

ಮೂಸಂಬಿಯನ್ನು ಆರಿಸುವಾಗ ಗಾತ್ರಕ್ಕಿಂತ ತೂಕ ನೋಡಬೇಕು. ಕೈಗೆ ಭಾರವಾಗಿ, ಸಿಪ್ಪೆ ನಯವಾಗಿ, ಹಸಿರಿನ ನಡುವೆ ಹಳದಿ ಹರಡಿರುವ ಹಣ್ಣಿನಲ್ಲಿ ರಸ ಹೆಚ್ಚು. ದಪ್ಪ ಸಿಪ್ಪೆಯ, ಒರಟು ಮೈಯ ಹಣ್ಣು ಎಷ್ಟೇ ದೊಡ್ಡದಿದ್ದರೂ ಒಳಗೆ ಬೆಂಡಾಗಿರುತ್ತದೆ. ಐದು ಹಣ್ಣಿನಿಂದ ಸುಮಾರು 350 ಮಿಲಿ ಲೀಟರ್ ರಸ ಬರಬೇಕು.

ಹಿಂಡಿದಾಗ ಸಿಹಿಯಾಗಿದ್ದ ಮೂಸಂಬಿ ರಸ ಸ್ವಲ್ಪ ಹೊತ್ತು ಬಿಟ್ಟು ಕುಡಿದರೆ ಕಹಿ ಎನಿಸುವುದು ಎಲ್ಲರಿಗೂ ಅನುಭವವಿರುವ ಸಂಗತಿ. ಹಣ್ಣಿನ ಒಳಪೊರೆ ಮತ್ತು ಬೀಜಗಳಲ್ಲಿ ಕಹಿಯಿಲ್ಲದ ರೂಪದಲ್ಲಿರುವ ಪದಾರ್ಥವೊಂದು, ಹಿಂಡಿದ ಮೇಲೆ ರಸದ ಹುಳಿಯೊಂದಿಗೆ ಬೆರೆತು ನಿಧಾನವಾಗಿ ಲಿಮೋನಿನ್ ಎಂಬ ಕಹಿ ಪದಾರ್ಥವಾಗುತ್ತದೆ. ಬೀಜ ನುಚ್ಚಾದಷ್ಟೂ, ಬಿಳಿ ಪೊರೆ ರಸಕ್ಕೆ ಸೇರಿದಷ್ಟೂ ಕಹಿ ಹೆಚ್ಚು. ಹೀಗಾಗಿ ತೊಳೆಗಳನ್ನು ಮಿಕ್ಸಿಗೆ ಹಾಕುವುದು ಈ ಪಾನಕದ ಮಟ್ಟಿಗೆ ತಪ್ಪು. ಹಣ್ಣನ್ನು ಅಡ್ಡಲಾಗಿ ಎರಡು ಹೋಳು ಮಾಡಿ, ಬೀಜವನ್ನು ಚಾಕುವಿನ ತುದಿಯಿಂದ ಎಬ್ಬಿಸಿ ತೆಗೆದು, ಗಾಜಿನ ಹಿಂಡುವ ಬಟ್ಟಲಿನ ಮೇಲಿಟ್ಟು ಮೆಲ್ಲಗೆ ತಿರುಗಿಸಿ. ಕೊನೆಯ ಹನಿಯ ಆಸೆಗೆ ಸಿಪ್ಪೆಯನ್ನು ಮಡಚಿ ಹಿಂಡಬೇಡಿ. ಉಳಿದೆಲ್ಲ ಕೆಲಸ ಮುಗಿದು, ಬೆರೆಸುವುದಕ್ಕೆ ಹತ್ತು ನಿಮಿಷ ಇರುವಾಗ ಮಾತ್ರ ಮೂಸಂಬಿಗೆ ಕೈಹಾಕಬೇಕು.

ಬೆರೆಸುವ ಕ್ರಮ

ದೊಡ್ಡ ಗಾಜಿನ ಜಗ್ಗಿಗೆ ಮೊದಲು ನಿಂಬೆ ಬೆರೆಸಿದ ದಾಸವಾಳದ ನೀರು, ಅನಂತರ ಪುದೀನದ ಪಾಕದಲ್ಲಿ ಮುಕ್ಕಾಲು ಪಾಲು, ಅದರ ಮೇಲೆ ಚಿಟಿಕೆ ಉಪ್ಪು ಹಾಕಿ ಕಲಕಿ. ಈಗ ಮೂಸಂಬಿ ರಸವನ್ನು ಸೋಸಿ ಸೇರಿಸಿ. ಬಣ್ಣ ಕುಂಕುಮದಿಂದ ಮಾಗಿದ ಸೀಬೆಯ ಒಳತಿರುಳಿನ ಕೆಂಪಿಗೆ ಬರುತ್ತದೆ. ಕಟ್ಟಕಡೆಗೆ ಮಲ್ಲಿಗೆ ನೀರನ್ನು ಜಗ್ಗಿನ ಅಂಚಿನಿಂದ ಇಳಿಬಿಟ್ಟು, ಚಮಚವನ್ನು ಒಂದೇ ಒಂದು ಸುತ್ತು ತಿರುಗಿಸಿ ನಿಲ್ಲಿಸಿ. ಮಲ್ಲಿಗೆಯನ್ನು ಮೊದಲು ಹಾಕಿ ಉಳಿದದ್ದನ್ನೆಲ್ಲ ಮೇಲಿಂದ ಮೇಲೆ ಕಲಕುತ್ತ ಹೋದರೆ ಅದರ ಘಮ ಅಡುಗೆಮನೆಯ ಗಾಳಿಗೆ ಸಲ್ಲುತ್ತದೆಯೇ ಹೊರತು ಲೋಟದಲ್ಲಿ ಉಳಿಯುವುದಿಲ್ಲ.

ಸಿಹಿಯನ್ನು ಪಾನಕ ತಣ್ಣಗಾದ ಮೇಲೆಯೇ ನೋಡಿ. ತಂಪು ನಾಲಿಗೆಯ ಸಿಹಿಯನ್ನು ತಗ್ಗಿಸುವುದರಿಂದ ಬೆಚ್ಚಗಿರುವಾಗ ಸರಿಯೆನಿಸಿದ್ದು ಆಮೇಲೆ ಸಪ್ಪೆಯೆನಿಸುತ್ತದೆ. ಉಳಿಸಿಕೊಂಡ ಕಾಲು ಪಾಲು ಪಾಕ ಇರುವುದು ಆ ಹೊತ್ತಿಗಾಗಿ.

ಮಂಜುಗಡ್ಡೆಯ ಬಗ್ಗೆ ನನಗೆ ತಕರಾರಿದೆ. ಕಷ್ಟಪಟ್ಟು ಹದ ಮಾಡಿದ ಪಾನಕವನ್ನು ಅದು ಹತ್ತು ನಿಮಿಷದಲ್ಲಿ ನೀರಾಗಿಸುತ್ತದೆ. ದಾಸವಾಳ ನಿಂಬೆಯ ನೀರನ್ನು ಸ್ವಲ್ಪ ಹೆಚ್ಚಾಗಿ ಮಾಡಿಕೊಂಡು, ಅದನ್ನೇ ಹಿಂದಿನ ದಿನ ಮಂಜಿನ ತಟ್ಟೆಯಲ್ಲಿ ಗಟ್ಟಿ ಮಾಡಿಟ್ಟರೆ ಕರಗಿದಷ್ಟೂ ಬಣ್ಣವೇ ಏರುತ್ತದೆ. ಇಲ್ಲದಿದ್ದರೆ ಮಲ್ಲಿಗೆ ನೀರನ್ನು ಸೋಸಿದ ಮೇಲೆ ಮತ್ತೆ ಮಣ್ಣಿನ ಮಡಕೆಗೆ ಸುರಿದು, ಒದ್ದೆ ಬಟ್ಟೆ ಸುತ್ತಿ ಗಾಳಿಯಾಡುವಲ್ಲಿ ಇಡಿ. ಮಡಕೆಯ ಮೈಯಿಂದ ಜಿನುಗಿ ಆವಿಯಾಗುವ ತೇವ ಒಳಗಿನ ಬಿಸಿಯನ್ನು ಹೊತ್ತೊಯ್ಯುತ್ತದೆ, ಏಪ್ರಿಲ್ ತಿಂಗಳ ಒಣ ಹವೆಯಲ್ಲಿ ಇದು ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ.

ಬಡಿಸುವಾಗ ಲೋಟದ ತಳಕ್ಕೆ ಒಂದು ದೊಡ್ಡ ಚಮಚ ನೆನೆದ ಕಾಮಕಸ್ತೂರಿ ಹಾಕಿ, ಮೇಲೆ ಪಾನಕ ಸುರಿಯಿರಿ. ಬೆರೆಸಿದ ಪಾನಕವನ್ನು ಎರಡು ಗಂಟೆಯೊಳಗೆ ಮುಗಿಸಬೇಕು, ಮೂಸಂಬಿಯ ಕಹಿ ಕಾಯುವುದಿಲ್ಲ. ಹೆಚ್ಚು ಜನರಿಗೆ ಮಾಡುವುದಾದರೆ ಉಳಿದ ಮೂರನ್ನೂ ಬೇರೆ ಬೇರೆಯಾಗಿ ತಂಪಾಗಿಟ್ಟುಕೊಂಡು, ಮೂಸಂಬಿಯನ್ನು ಆಗಾಗಲೇ ಹಿಂಡಿ, ಒಂದೊಂದು ಜಗ್ಗಿನಷ್ಟನ್ನೇ ಬೆರೆಸುತ್ತ ಬನ್ನಿ. ನಿಂಬೆ ಬೆರೆಸಿದ ದಾಸವಾಳದ ನೀರು ಫ್ರಿಜ್ಜಿನಲ್ಲಿ ಎರಡು ದಿನ ಬಣ್ಣ ಕೆಡದೆ ಇರುತ್ತದೆ.

ಹದ ತಪ್ಪಿದಾಗ

ಪಾನಕ ಸ್ವಲ್ಪ ಲೋಳೆಯೆನಿಸಿದರೆ ಇನ್ನಷ್ಟು ತಣ್ಣೀರು, ನಿಂಬೆ ಸೇರಿಸಿ ಮಲ್ ಬಟ್ಟೆಯಲ್ಲಿ ಎರಡನೆಯ ಸಲ ಸೋಸಿ. ಬಣ್ಣ ಮಂಕಾಗಿದ್ದರೆ ಹುಳಿ ಸಾಲದೆಂದು ಅರ್ಥ. ಸ್ವಲ್ಪ ಕಹಿಯಿದ್ದರೆ ಸಕ್ಕರೆ ಸುರಿಯುವ ಬದಲು ಇನ್ನೊಂದು ಚಿಟಿಕೆ ಉಪ್ಪು ಹಾಕಿ ನೋಡಿ, ಉಪ್ಪು ಕಹಿಯನ್ನು ಅಡಗಿಸುತ್ತದೆ. ಮಲ್ಲಿಗೆ ಅತಿಯಾಗಿ ಸೋಪಿನ ವಾಸನೆಯಂತೆ ಬಡಿಯುತ್ತಿದ್ದರೆ ಮುಂದಿನ ಸಲ ಹೂವಿನ ಸಂಖ್ಯೆಯನ್ನು ಹದಿನೈದಕ್ಕೆ ಇಳಿಸಿ; ಈ ಸಲದ ಮಟ್ಟಿಗೆ ಅರ್ಧ ಮಲ್ಲಿಗೆ ನೀರು, ಅರ್ಧ ಬರೀ ನೀರು ಹಾಕಿದರಾಯಿತು. ಮಲ್ಲಿಗೆ ನೀರೇ ಬಾಡು ವಾಸನೆ ಹೊಡೆಯುತ್ತಿದ್ದರೆ ಅದನ್ನು ಉಳಿಸಿಕೊಳ್ಳುವ ದಾರಿಯಿಲ್ಲ, ಚೆಲ್ಲಿಬಿಡಿ.

ಗರ್ಭಿಣಿಯರಿಗೆ ದಾಸವಾಳದ ಪಾನಕ ಕೊಡದಿರುವುದು ಕ್ಷೇಮ. ರಕ್ತದೊತ್ತಡಕ್ಕೆ ಮಾತ್ರೆ ನುಂಗುವವರು ದಿನವೂ ಕುಡಿಯುವ ಅಭ್ಯಾಸ ಮಾಡಿಕೊಳ್ಳುವ ಮುನ್ನ ವೈದ್ಯರನ್ನು ಕೇಳಬೇಕು. ಸಕ್ಕರೆ ಕಾಯಿಲೆಯವರಿಗೆ ಪಾಕ ಬಿಟ್ಟು ಮಾಡಿದರೂ ಮೂಸಂಬಿ ರಸದಲ್ಲೇ ಸಿಹಿಯಿದೆ ಎಂಬುದನ್ನು ಮರೆಯಬಾರದು. ಹೂವಿನ ಪರಾಗಕ್ಕೆ ಸೀನು, ತುರಿಕೆ ಬರುವವರು ಮೊದಲ ಸಲ ಒಂದು ಗುಟುಕು ಕುಡಿದು ನೋಡಲಿ. ತೀರ ಸಣ್ಣ ಮಕ್ಕಳ ಲೋಟಕ್ಕೆ ಕಾಮಕಸ್ತೂರಿ ಬೇಡ.

ಮಲ್ಲಿಗೆ ಇಲ್ಲದ ಕಾಲದಲ್ಲಿ

ಮಲ್ಲಿಗೆಯ ಸುಗ್ಗಿ ಬೇಸಿಗೆಯದು. ದಸರಾ ಹೊತ್ತಿಗೆ, ಗೊಂಬೆ ನೋಡಲು ಬಂದವರಿಗೆ ಏನಾದರೂ ತಂಪು ಕೊಡಬೇಕೆನ್ನುವಾಗ, ಗಿಡದಲ್ಲಿ ಮೊಗ್ಗು ವಿರಳ. ಆಗ ಮನೆಯ ಪನ್ನೀರು ಗುಲಾಬಿ ನಾಲ್ಕೈದಿದ್ದರೆ, ಎಸಳಿನ ಬುಡದ ಬಿಳಿ ಭಾಗವನ್ನು ಕತ್ತರಿಸಿ ಹಾಕಿ, ಉಳಿದದ್ದನ್ನು ಇದೇ ರೀತಿ ಆರಿದ ನೀರಿನಲ್ಲಿ ನೆನೆಹಾಕಬಹುದು. ಗುಲಾಬಿ ಮುಳುಗಿದರೂ ಚಿಂತೆಯಿಲ್ಲ, ನಾಲ್ಕು ಗಂಟೆ ಸಾಕು. ಹೂವೇ ಇಲ್ಲದಿದ್ದರೆ ಲಾವಂಚದ ಬೇರು ಇದೆ. ಒಂದು ಹಿಡಿ ಬೇರನ್ನು ಮಣ್ಣು ಹೋಗುವವರೆಗೆ ಮೂರು ನಾಲ್ಕು ನೀರಿನಲ್ಲಿ ತೊಳೆದು, ಬಟ್ಟೆಯಲ್ಲಿ ಕಟ್ಟಿ ಮಡಕೆಯ ನೀರಿಗೆ ರಾತ್ರಿ ಇಳಿಬಿಟ್ಟರೆ ಬೆಳಿಗ್ಗೆಗೆ ಮೊದಲ ಮಳೆ ಬಿದ್ದ ನೆಲದಂಥ ವಾಸನೆ ನೀರಿಗೆ ಬಂದಿರುತ್ತದೆ. ಲಾವಂಚಕ್ಕೆ ಮೂಸಂಬಿಗಿಂತ ಬೇಲದ ಹಣ್ಣು ಹೆಚ್ಚು ಒಪ್ಪುತ್ತದೆ. ಆ ಹಣ್ಣಿನ ತಿರುಳನ್ನು ಕಿವುಚಿ ಸೋಸಿ ಮಾಡುವ ಪಾನಕದಲ್ಲಿ ದಾಸವಾಳಕ್ಕೆ ಕೆಲಸವಿಲ್ಲ, ಅಲ್ಲಿ ಬೆಲ್ಲಕ್ಕೆ ಅದರ ನ್ಯಾಯವಾದ ಜಾಗ ಸಿಗುತ್ತದೆ.

ಬಳಸಿದ ಮಡಕೆಯನ್ನು ಸೋಪಿನಿಂದ ತೊಳೆಯಬಾರದು, ಮಣ್ಣು ಸೋಪನ್ನು ಹೀರಿಕೊಂಡು ಮುಂದಿನ ಮಲ್ಲಿಗೆ ನೀರಿಗೆ ಬಿಡುತ್ತದೆ. ಬಿಸಿನೀರು ಮತ್ತು ತೆಂಗಿನ ನಾರಿನಿಂದ ಉಜ್ಜಿ, ಎರಡು ದಿನ ಬಿಸಿಲಿನಲ್ಲಿ ಬೋರಲು ಹಾಕಿ ಒಣಗಿಸಿ, ಇದೊಂದಕ್ಕೇ ಮೀಸಲಾಗಿ ಎತ್ತಿಡಿ.